ಎಲ್ಲರ ಸಹಿ ಆಗಿದೆ, ನನ್ನೊಬ್ಬಳದೇ ಬಾಕಿ

ಪ್ರಶ್ನೆ: ನನ್ನ ಮಗ ಎಂಟನೇ ತರಗತಿ. ಅವನ ಜೊತೆ ಓದುವ ಒಬ್ಬ ಹುಡುಗನಿಗೆ ಮಾತಾಡುವಾಗ ಉಗ್ಗು ಬರುತ್ತದೆ. ಅವನು ಪಾಠ ಓದುತ್ತಿದ್ದಾಗ ಯಾರೋ ಕದ್ದು ವಿಡಿಯೊ ಮಾಡಿ, ಹಾಡು ಸೇರಿಸಿ ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ್ದಾರೆ. ನನ್ನ ಮಗ ಅದಕ್ಕೆ ನಗುವ ಇಮೋಜಿ ಹಾಕಿದ್ದಾನೆ, ಇನ್ನೊಬ್ಬ ಗೆಳೆಯನಿಗೆ ಫಾರ್ವರ್ಡ್ ಮಾಡಿದ್ದಾನೆ. ಆ ಹುಡುಗ ಒಂದು ವಾರದಿಂದ ಶಾಲೆಗೆ ಬಂದಿಲ್ಲ. ಶಾಲೆಯವರು ಇಡೀ ತರಗತಿಯ ಪ್ರವಾಸ ರದ್ದು ಮಾಡಿದ್ದಾರೆ. ನಡತೆಯ ನಿಯಮಗಳ ಹಾಳೆಗೆ ಮಕ್ಕಳೂ ಪೋಷಕರೂ ಮತ್ತೆ ಸಹಿ ಹಾಕಬೇಕಂತೆ. ‘ನಮ್ಮ ಮಕ್ಕಳು ಏನೂ ಮಾಡಿಲ್ಲ, ಈ ಶಿಕ್ಷೆ ಅನ್ಯಾಯ’ ಎಂದು ಪೋಷಕರೆಲ್ಲ ಸೇರಿ ಪತ್ರ ಬರೆದಿದ್ದಾರೆ. ನನ್ನ ಸಹಿಯೊಂದೇ ಬಾಕಿ. ಹಾಕಲು ಮನಸ್ಸು ಬರುತ್ತಿಲ್ಲ. ಹಾಕದಿದ್ದರೆ ನಮ್ಮನ್ನು ದೂರ ಇಡುತ್ತಾರೆ ಅನ್ನುವ ಭಯ. ಇನ್ನೊಂದು ವಿಷಯ. ಹಿಂದೊಮ್ಮೆ ಪೋಷಕರ ಗುಂಪಿನಲ್ಲಿ ಶಿಕ್ಷಕಿಯೊಬ್ಬರ ಮಾತಿನ ಧಾಟಿಯನ್ನು ಆಡಿಕೊಂಡು ನಕ್ಕಿದ್ದೆವು. ನಾನೂ ನಕ್ಕಿದ್ದೆ. ಈಗ ಮಗನಿಗೆ ಯಾವ ಮುಖ ಇಟ್ಟುಕೊಂಡು ಬುದ್ಧಿ ಹೇಳಲಿ?

ಉತ್ತರ: ಸಹಿ ಹಾಕಬೇಡಿ. ಆ ಪತ್ರದಲ್ಲಿ ಒಂದು ನಿಜ ಇದೆ, ಒಂದು ಸುಳ್ಳೂ ಇದೆ. ಎರಡೂ ಒಂದೇ ಹಾಳೆಯಲ್ಲಿ ಇರುವುದರಿಂದಲೇ ನಿಮಗೆ ಇಷ್ಟು ಕಷ್ಟವಾಗುತ್ತಿದೆ.

ಮೊದಲು ನಿಜ. ಎಲ್ಲರಿಗೂ ಒಂದೇ ಶಿಕ್ಷೆ ಕೊಡುವುದು ಸರಿಯಲ್ಲ. ನಾನು ಬಹಳ ವರ್ಷ ಟೀಚರ್ ಆಗಿದ್ದವಳು. ಒಮ್ಮೆ ಒಬ್ಬ ಹುಡುಗಿಯ ನೋಟ್‌ಬುಕ್ಕಿನಲ್ಲಿ ಯಾರೋ ಕೆಟ್ಟದಾಗಿ ಬರೆದಿದ್ದರು. ಯಾರೆಂದು ಕೇಳಿದರೆ ಒಬ್ಬರೂ ಬಾಯಿ ಬಿಡಲಿಲ್ಲ. ಸಿಟ್ಟು ಬಂದು ಇಡೀ ತರಗತಿಗೆ ಒಂದು ವಾರ ಆಟದ ಪಿರಿಯಡ್ ಇಲ್ಲ ಎಂದುಬಿಟ್ಟೆ. ಮಕ್ಕಳ ಕೋಪ ಬರೆದವರ ಮೇಲೆ ಹೋಗಲಿಲ್ಲ. ‘ನಿನ್ನಿಂದ ನಮ್ಮ ಆಟ ಹೋಯ್ತು’ ಎಂದು ಆ ಹುಡುಗಿಯ ಮೇಲೇ ತಿರುಗಿತು. ಅವಳನ್ನು ಕಾಪಾಡಲು ಹೋಗಿ ನಾನೇ ಅವಳನ್ನು ಇನ್ನಷ್ಟು ಒಂಟಿ ಮಾಡಿದೆ. ಇವತ್ತಿಗೂ ಅದು ನನ್ನನ್ನು ಕಾಡುತ್ತದೆ. ಪ್ರವಾಸ ತಪ್ಪಿದ ಸಿಟ್ಟು ನಿಮ್ಮಲ್ಲೂ ಆ ಹುಡುಗನ ಮೇಲೇ ಬೀಳಬಹುದು. ಅವನು ವಾಪಸ್ ಬರುವ ಮೊದಲೇ ಶಾಲೆಯವರಿಗೆ ಯಾರಾದರೂ ಇದನ್ನು ಹೇಳಬೇಕು.

ಇನ್ನು ಸುಳ್ಳು. ‘ಏನೂ ಮಾಡಿಲ್ಲ’ ಅನ್ನುವುದು. ವಿಡಿಯೊ ಮಾಡಿದವನು ಒಬ್ಬನೇ ಇರಬಹುದು. ಆದರೆ ಅದನ್ನು ಯಾರೂ ನೋಡದಿದ್ದರೆ, ಯಾರೂ ನಗದಿದ್ದರೆ, ಅದು ಅವನ ಫೋನಿನಲ್ಲೇ ಸತ್ತುಹೋಗುತ್ತಿತ್ತು. ಫಿನ್ಲೆಂಡಿನ ಮನೋವಿಜ್ಞಾನಿ ಕ್ರಿಸ್ಟಿನಾ ಸಾಲ್ಮಿವಲ್ಲಿ ಮತ್ತು ಅವರ ಜೊತೆಗಾರರು 1996ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳಿತು. ಶಾಲೆಯ ಕಿರುಕುಳದಲ್ಲಿ ಕೊಡುವವನು, ಅನುಭವಿಸುವವನು ಇಬ್ಬರೇ ಇರುವುದಿಲ್ಲ. ಕೈ ಜೋಡಿಸುವವರು, ನಕ್ಕು ಹುರಿದುಂಬಿಸುವವರು, ನೋಡಿಯೂ ದೂರ ಉಳಿಯುವವರು, ಪರವಾಗಿ ನಿಲ್ಲುವವರು, ಎಲ್ಲರೂ ಇರುತ್ತಾರೆ. ನಿಮ್ಮ ಮಗ ಅವತ್ತು ನಕ್ಕು ಹುರಿದುಂಬಿಸಿದವರ ಸಾಲಿನಲ್ಲಿದ್ದ. ಫಾರ್ವರ್ಡ್ ಮಾಡಿ ಒಂದು ಹೆಜ್ಜೆ ಮುಂದೆಯೂ ಹೋದ. ಅವನು ಕೆಟ್ಟ ಹುಡುಗ ಅಂತ ನಾನು ಹೇಳುತ್ತಿಲ್ಲ. ಆದರೆ ಅವನ ಪಾಲು ಅವನದ್ದೇ ಅಲ್ವಾ?

ಈ ಪಾಲನ್ನು ಬರೀ ಭಾರ ಅಂದುಕೊಳ್ಳಬೇಡಿ. ಕೆನಡಾದಲ್ಲಿ ಶಾಲೆಯ ಆಟದ ಮೈದಾನಗಳಲ್ಲಿ ಕ್ಯಾಮೆರಾ, ಮೈಕ್ ಇಟ್ಟು ಮಾಡಿದ ಒಂದು ಅಧ್ಯಯನ 2001ರಲ್ಲಿ ಬಂತು. ಕಿರುಕುಳ ನಡೆಯುವಾಗ ಹೆಚ್ಚಿನ ಸಲ ಬೇರೆ ಮಕ್ಕಳು ಅಲ್ಲೇ ಇದ್ದರು. ಮಧ್ಯೆ ಬಂದದ್ದು ಐದರಲ್ಲಿ ಒಂದು ಸಲ ಕೂಡ ಇಲ್ಲ. ಆದರೆ ಬಂದಾಗ ಅರ್ಧಕ್ಕಿಂತ ಜಾಸ್ತಿ ಸಲ ಹತ್ತೇ ಸೆಕೆಂಡಿನೊಳಗೆ ಕಿರುಕುಳ ನಿಂತಿತ್ತು. ನನಗೆ ಇದು ತುಂಬಾ ಧೈರ್ಯ ಕೊಡುವ ಮಾತು. ‘ಏಯ್, ಸಾಕು, ಡಿಲೀಟ್ ಮಾಡು’ ಎಂದು ಒಬ್ಬ ಬರೆದಿದ್ದರೂ ಅವತ್ತು ಸಾಕಾಗುತ್ತಿತ್ತೇನೋ.

ಆ ಒಬ್ಬ ಯಾಕೆ ಸಿಗಲಿಲ್ಲ? ನಿಮಗೆ ಸಹಿಯ ವಿಷಯದಲ್ಲಿ ಆಗುತ್ತಿರುವುದೇ ಅವನಿಗೂ ಆಯಿತು. 1968ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಲಟಾನೆ ಮತ್ತು ಡಾರ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಫಾರಂ ತುಂಬುತ್ತಾ ಕುಳಿತವರ ಕೋಣೆಗೆ ಹೊಗೆ ಬಿಟ್ಟರು. ಒಬ್ಬರೇ ಕೂತಿದ್ದಾಗ ನೂರಕ್ಕೆ 75 ಜನ ಎದ್ದು ಹೋಗಿ ತಿಳಿಸಿದರು. ಪಕ್ಕದಲ್ಲಿ ಇಬ್ಬರು ಏನೂ ಆಗದವರಂತೆ ಕೂತಿದ್ದಾಗ ತಿಳಿಸಿದವರು ನೂರಕ್ಕೆ 10 ಮಾತ್ರ. ಉಳಿದವರು ಕಣ್ಣುಜ್ಜಿಕೊಂಡು ಫಾರಂ ತುಂಬುತ್ತಲೇ ಇದ್ದರು. ಉಳಿದ ಪೋಷಕರು ಅಷ್ಟು ನಿರಾಳವಾಗಿ ಸಹಿ ಹಾಕುತ್ತಿರುವುದನ್ನು ನೋಡಿ ನೀವು ನಿಮ್ಮ ಕಣ್ಣನ್ನೇ ಅನುಮಾನಿಸುತ್ತಿದ್ದೀರಿ. ಅನುಮಾನ ಬೇಡ. ನಿಮಗೆ ಕಂಡದ್ದು ಹೊಗೆಯೇ.

ಮಗನಿಗೆ ಯಾವ ಮುಖದಿಂದ ಹೇಳಲಿ ಎಂದಿರಿ. ಆ ಶಿಕ್ಷಕಿಯ ವಿಷಯದಿಂದಲೇ ಶುರು ಮಾಡಿ. ‘ನಾನೂ ಹೀಗೆ ನಕ್ಕಿದ್ದೆ ಕಣೋ, ಆಗ ತಪ್ಪು ಅನ್ನಿಸಲೇ ಇಲ್ಲ’ ಎಂದು ಹೇಳಿ ಸುಮ್ಮನಾಗಿ. ಹದಿಮೂರರ ಮಕ್ಕಳು ಉಪದೇಶ ಕೇಳುವುದಿಲ್ಲ, ತಪ್ಪೊಪ್ಪಿಕೊಳ್ಳುವ ಅಮ್ಮನ ಮಾತು ಕೇಳುತ್ತಾರೆ. ಆಮೇಲೆ ಅವನು ಮಾಡಬೇಕಾದ್ದು ಇದೆ. ತಾನು ಯಾವ ಗೆಳೆಯನಿಗೆ ಫಾರ್ವರ್ಡ್ ಮಾಡಿದನೋ ಅವನಿಗೆ ಫೋನ್ ಮಾಡಿ, ಅಳಿಸು, ಬೇರೆ ಯಾರಿಗೆ ಕಳಿಸಿದ್ದೀಯ ಹೇಳು ಎಂದು ಕೇಳಲಿ. ಮುಜುಗರ ಆಗುತ್ತದೆ, ಆಗಲಿ. ಆ ಹುಡುಗನ ಮನೆ ಬಾಗಿಲಿಗೆ ಮಾತ್ರ ಕ್ಷಮೆ ಕೇಳಲು ಸೀದಾ ಎಳೆದುಕೊಂಡು ಹೋಗಬೇಡಿ. ಅವನಿಗೆ ಈಗ ಇವರ ಮುಖ ನೋಡುವ ಮನಸ್ಸೇ ಇಲ್ಲದಿರಬಹುದು. ಅವನು ಒಪ್ಪಿದರೆ ಮಾತ್ರ, ಎದುರಿಗೋ ಚೀಟಿಯಲ್ಲೋ, ಅವನಿಗೆ ಬೇಕಾದ ಹಾಗೆ. ‘ಎಲ್ಲರೂ ಮಾಡಿದ್ರು’ ಅನ್ನುವ ಮಾತು ಅದರಲ್ಲಿ ಬರಬಾರದು. ‘ಪರವಾಗಿಲ್ಲ’ ಅಂತ ಹೇಳಿಸಿಕೊಳ್ಳಲು ಕಾಯಲೂಬಾರದು.

ಶಾಲೆಗೆ ನೀವೇ ಬೇರೆ ಪತ್ರ ಬರೆಯಿರಿ. ಮಗ ಮಾಡಿದ್ದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಆಮೇಲೆ, ಅವರವರು ಮಾಡಿದ್ದಕ್ಕೆ ತಕ್ಕಂತೆ ಅವರವರಿಗೆ ಕ್ರಮ ಇರಲಿ ಎಂದು ಕೇಳಿ. ನಡತೆಯ ಹಾಳೆಯ ಬಗ್ಗೆಯೂ ಒಂದು ಮಾತು ಸೇರಿಸಿ. ತಾವು ಓದದ ಕಾಗದಕ್ಕೆ ಸಹಿ ಹಾಕಿದ ಮಕ್ಕಳಿಗೆ ಅದು ನೆನಪಿರುವುದಿಲ್ಲ. ಫೋನು, ಫೋಟೊ, ಗುಂಪುಗಳ ನಿಯಮಗಳನ್ನು ಮಕ್ಕಳ ಜೊತೆ ಕೂತು ಬರೆಯಲಿ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ಮಕ್ಕಳಿಗೆ ಸಂಬಂಧಿಸಿದ ವಿಷಯದಲ್ಲಿ ಅವರ ಮಾತು ಕೇಳಬೇಕು ಅನ್ನುತ್ತದೆ. ಶಾಲೆಯ ಶಿಸ್ತು ಮಗುವಿನ ಘನತೆಗೆ ಕುಂದು ತರಬಾರದು ಎಂದು 28ನೇ ವಿಧಿ ಹೇಳುತ್ತದೆ. ಅದೇ ಹಾಳೆಯಲ್ಲಿ ಪೋಷಕರ ಗುಂಪಿಗೂ ಒಂದೆರಡು ನಿಯಮ ಇರಲಿ ಎಂದು ನೀವೇ ಕೇಳಿದರೆ ಇನ್ನೂ ಒಳ್ಳೆಯದು.

ಉಳಿದ ಪೋಷಕರು ಮುನಿಸಿಕೊಳ್ಳಬಹುದು. ಸ್ವಲ್ಪ ದಿನ ಮಾತು ಕಮ್ಮಿ ಆಗಬಹುದು. ಸಹಿ ಹಾಕಿ ನೊಂದುಕೊಂಡಿರುವ ಒಬ್ಬಿಬ್ಬರು ಅವರಲ್ಲೂ ಇರುತ್ತಾರೆ, ಅವರು ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ ಅನ್ನುವ ನಂಬಿಕೆ ನನಗಿದೆ.

ನಿಮ್ಮ ಕಾಗದದಲ್ಲಿ ಪ್ರವಾಸ, ಸಹಿ, ಪೋಷಕರು, ಶಾಲೆ ಎಲ್ಲ ಇತ್ತು. ಆ ಹುಡುಗನ ಮನೆಯವರನ್ನು ಯಾರಾದರೂ ಮಾತಾಡಿಸಿದ್ದೀರಿ ಅನ್ನುವುದು ಎಲ್ಲೂ ಕಾಣಲಿಲ್ಲ. ಇವತ್ತು ಸಂಜೆ ಅವನ ಅಮ್ಮನಿಗೆ ಒಂದು ಫೋನ್ ಮಾಡಿ. ಸಮರ್ಥನೆ ಬೇಡ, ಶಾಲೆಯ ವಿಷಯ ಬೇಡ. ‘ಹೇಗಿದ್ದಾನೆ ನಿಮ್ಮ ಮಗ?’ ಎಂದು ಕೇಳಿ. ಅವರು ಸಿಟ್ಟಾದರೆ ಕೇಳಿಸಿಕೊಳ್ಳಿ.