ಯಾವ ವೈದ್ಯಕೀಯ ಪತ್ರಿಕೆಗೂ ಚಂದಾ ಕಟ್ಟಬೇಡಿ

ಬಡ ದೇಶಗಳಿಗೆ ವೈದ್ಯಕೀಯ ಪತ್ರಿಕೆಗಳನ್ನು ಉಚಿತವಾಗಿ ಅಥವಾ ಕಡಿಮೆ ದರದಲ್ಲಿ ಓದಲು ಕೊಡುವ ಹಿನಾರಿ ಯೋಜನೆ ತಾಲ್ಲೂಕು ಆಸ್ಪತ್ರೆಗೆ ಸಿಗುತ್ತದೆಯೇ, ಇಲ್ಲವಾದರೆ ಯಾವ ವೈದ್ಯಕೀಯ ಪತ್ರಿಕೆಗೆ ಚಂದಾ ಕಟ್ಟಲಿ ಎಂದು ಕೇಳಿದ್ದೀರಿ. ಶಿರಸಿಯ ಹತ್ತಿರದ ಸಣ್ಣ ಆಸ್ಪತ್ರೆಯಲ್ಲಿದ್ದಾಗ ನನ್ನ ಪ್ರಶ್ನೆಯೂ ಇದೇ ಆಗಿತ್ತು.

2009ರ ಅಡಿಕೆ ಕೊನೆಕೊಯ್ಲಿನ ಸಮಯ. ತೋಟದಲ್ಲಿ ಸೋಗೆ ಎತ್ತುವಾಗ ಬೆರಳಿಗೆ ಹಾವು ಕಚ್ಚಿದ ಹೆಂಗಸೊಬ್ಬರನ್ನು ಕರೆತಂದರು. ಕೊಂದ ಹಾವು ಪ್ಲಾಸ್ಟಿಕ್ ಕೊಟ್ಟೆಯಲ್ಲಿತ್ತು. ಒಂದೂವರೆ ಗೇಣು ಉದ್ದ, ಮೂತಿಯ ತುದಿ ಮೇಲಕ್ಕೆದ್ದಿತ್ತು. ಗರಗಸಮಂಡಲವೆಂದೇ ಬಗೆದು ಪ್ರತಿವಿಷ ಕೊಟ್ಟೆ. ಆ ಮದ್ದು ಒಗ್ಗದೆ ಮೈತುಂಬ ದದ್ದು ಎದ್ದು ಉಸಿರು ಕಟ್ಟಿತು. ಅದನ್ನು ಹತೋಟಿಗೆ ತಂದು, ಪ್ರಮಾಣ ಸಾಲದಾಯಿತೆಂದು ಮತ್ತೆ ಕೊಟ್ಟೆ. ಗಾಜಿನ ನಳಿಕೆಯಲ್ಲಿ 20 ನಿಮಿಷ ಇಟ್ಟ ರಕ್ತ, ವಾಲಿಸಿದಾಗ ಆಗಲೂ ಹೆಪ್ಪುಗಟ್ಟದೆ ನೀರಿನಂತೆ ಹರಿಯಿತು. ದೊಡ್ಡ ಆಸ್ಪತ್ರೆಗೆ ಕಳುಹಿಸುವಷ್ಟರಲ್ಲಿ ಮೂತ್ರ ಕಡಿಮೆಯಾಗಿತ್ತು. ಅವರು ಬದುಕಿದರು, ಆದರೆ ಡಯಾಲಿಸಿಸ್ ಬೇಕಾಯಿತು.

ಅದು ಗೂನುಮೂಗಿನ ಮಂಡಲ. ನಮ್ಮ ಪ್ರತಿವಿಷ ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷದಿಂದ. ಈ ಹಾವಿಗೆ ಅದು ನಾಟುವುದಿಲ್ಲ. ಕೇರಳದ ರೋಗಿಗಳನ್ನು ಕುರಿತು 2007ರಲ್ಲಿಯೇ ಬ್ರಿಟನ್ನಿನ ಪತ್ರಿಕೆಯೊಂದರಲ್ಲಿ ಇದು ಪ್ರಕಟವಾಗಿತ್ತು. ಆ ಲೇಖನದ ಶೀರ್ಷಿಕೆಯನ್ನು ನಾನು ಅದಕ್ಕೆ ಕೆಲವು ತಿಂಗಳ ಹಿಂದೆ, ವೈದ್ಯಕೀಯ ಲೇಖನಗಳನ್ನು ಹುಡುಕುವ ಜಾಲತಾಣವಾದ ಪಬ್‌ಮೆಡ್‌ನಲ್ಲಿ ನೋಡಿಯೂ ಇದ್ದೆ. ಪೂರ್ತಿ ಲೇಖನಕ್ಕೆ ಡಾಲರಿನಲ್ಲಿ ಬೆಲೆ ಕೇಳಿದ್ದರಿಂದ ಪುಟ ಮುಚ್ಚಿದ್ದೆ. ನನ್ನ ತಪ್ಪು ಅಲ್ಲಿದೆ: ದುಡ್ಡು ಕೇಳಿದವರು ಪ್ರಕಾಶಕರು, ಲೇಖಕರಲ್ಲ. ಸಂಶೋಧಕರಿಗೆ ಎರಡು ಸಾಲು ಬರೆದಿದ್ದರೆ ಆಗುತ್ತಿತ್ತು, ಕಾಲೇಜಿನ ಸ್ನೇಹಿತರನ್ನು ಕೇಳಿದ್ದರೂ ಆಗುತ್ತಿತ್ತು. ಪುಕ್ಕಟೆ ಕೇಳಲು ನಾಚಿಕೆಪಟ್ಟೆ. ಉಚಿತವಾಗಿದ್ದ ಸಾರಾಂಶವನ್ನೂ, ಅರ್ಧ ತಿಳಿದು ಚಿಕಿತ್ಸೆ ಮಾಡಬಾರದೆಂಬ ಹಟದಿಂದ, ಓದದೆ ಬಿಟ್ಟೆ. ಆ ಅರ್ಧವೂ ನನಗೆ ತಿಳಿದಿರಲಿಲ್ಲ.

ಹಿನಾರಿಯನ್ನು ಮರೆತುಬಿಡಿ. ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಆರಂಭಿಸಿದ ಆ ಯೋಜನೆಯ ಪಟ್ಟಿಯಲ್ಲಿ ಭಾರತವಿಲ್ಲ. 2025ರ ಜನವರಿಯಲ್ಲಿ ಜಾರಿಗೆ ಬಂದ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಯಿಂದ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸಾವಿರಾರು ಪತ್ರಿಕೆಗಳು ತೆರೆದವು, ತಾಲ್ಲೂಕು ಆಸ್ಪತ್ರೆಗಳಿಗಲ್ಲ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ, ಏಕೆಂದರೆ ಹಾವು ಕಚ್ಚಿದವರು ಮೊದಲು ಬರುವುದು ನಿಮ್ಮಲ್ಲಿಗೆ. ಆದರೂ ಒಂದು ಪತ್ರಿಕೆಗೆ ಚಂದಾ ಕಟ್ಟಿದರೆ ಉಪಯೋಗವಿಲ್ಲ. ನಾಳೆ ಬರುವ ರೋಗಿಗೆ ಬೇಕಾದ ಲೇಖನ ಇನ್ನೊಂದರಲ್ಲಿ ಇರುತ್ತದೆ. ಪೂರ್ತಿ ಲೇಖನಗಳನ್ನು ಉಚಿತವಾಗಿ ಕೊಡುವ ಪಬ್‌ಮೆಡ್ ಸೆಂಟ್ರಲ್ ಜಾಲತಾಣದಲ್ಲಿ ಪ್ರತಿ ಇದೆಯೇ ನೋಡಿ, ಕಾರವಾರದ ವೈದ್ಯಕೀಯ ಕಾಲೇಜಿನ ಗ್ರಂಥಪಾಲಕರನ್ನು ವಿಚಾರಿಸಿ, ಅದೂ ಆಗದಿದ್ದರೆ ಲೇಖಕರಿಗೆ ಇಮೇಲ್ ಬರೆಯಿರಿ. ನೀವು ಎಲ್ಲಿ ಕೆಲಸ ಮಾಡುತ್ತೀರಿ, ಯಾವ ರೋಗಿಗಾಗಿ ಕೇಳುತ್ತಿದ್ದೀರಿ ಎಂಬುದನ್ನು, ರೋಗಿಯ ಹೆಸರು ಬಿಟ್ಟು, ಮೊದಲ ಸಾಲಿನಲ್ಲಿಯೇ ತಿಳಿಸಿ.