ನಗಿಸುವ ದೆವ್ವಕ್ಕೆ ತುಂಬಿದ ಹಾಲ್ ಬೇಕು

ಕಾಪುವಿನ ಓದುಗರೇ,

ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ನಿಮ್ಮ ಅಕ್ಕನ ಮಗ ಒಂದು ಹಾಸ್ಯದ ದೆವ್ವದ ಸಿನಿಮಾದಲ್ಲಿ ಸಣ್ಣ ಪಾತ್ರ ಮಾಡಿದ್ದಾನೆ. ಮನೆಮಂದಿಯೆಲ್ಲ ಭಾನುವಾರ ಹೋಗೋಣ ಅಂದುಕೊಂಡರೆ ಉಡುಪಿಯಲ್ಲಿ ಉಳಿದದ್ದು ಬೆಳಗ್ಗೆ ಹತ್ತರ ಒಂದೇ ಶೋ. ಸೋಮವಾರ ಅದೂ ಇಲ್ಲ. 'ಸು ಫ್ರಮ್ ಸೋ' ಸಿನಿಮಾ ಮಾತ್ರ ವಾರಗಟ್ಟಲೆ ಓಡಿತು, ಎರಡೂ ನಮ್ಮ ಕಡೆಯ ದೆವ್ವಗಳೇ ಅಲ್ವಾ, ಈ ತಾರತಮ್ಯ ಯಾಕೆ ಎಂದು ಕೇಳಿದ್ದೀರಿ. ಒಂದು ಹಳೇ ಮನೆ, ಒಂದು ಬಿಳಿ ಸೀರೆ ಇದ್ದರೆ ಮುಗಿಯುವ ಸಿನಿಮಾಕ್ಕೆ ಅಷ್ಟು ದುಡ್ಡು ಯಾಕೆ ಬೇಕು ಎಂಬುದು ಎರಡನೇ ಪ್ರಶ್ನೆ. ಮೂರನೆಯದು ನಿಮ್ಮ ಮಗಳ ಬಗ್ಗೆ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲು ಬಿಳಿ ಸೀರೆಯ ಲೆಕ್ಕ. ಸೀರೆ ಅಗ್ಗ, ರಾತ್ರಿ ದುಬಾರಿ. ಅಡಿಕೆ ತೋಟದ ಮೇಲೆ ಬೆಳದಿಂಗಳು ಬಿದ್ದ ಹಾಗೆ ಕಾಣಬೇಕಾದರೆ ಎತ್ತರದಲ್ಲಿ ದೊಡ್ಡ ಲೈಟು ನಿಲ್ಲಿಸಬೇಕು. ಅದಕ್ಕೆ ಜನರೇಟರ್ ಬೇಕು. ಜನರೇಟರ್ ಸದ್ದು ಮೈಕಿಗೆ ಬೀಳದಷ್ಟು ದೂರದಿಂದ ಕೇಬಲ್ ಎಳೆಯಬೇಕು. ಪೂರ್ವದಲ್ಲಿ ಬೆಳಕು ಹರಿದರೆ ಅವತ್ತಿನ ಕೆಲಸ ಅಲ್ಲಿಗೆ ನಿಂತಿತು. ಉಳಿದ ದೃಶ್ಯಕ್ಕೆ ಇನ್ನೊಂದು ರಾತ್ರಿ, ಇನ್ನೊಂದು ಸಲ ಬಾಡಿಗೆ, ಬೇಟಾ (ದಿನದ ಭತ್ಯೆ), ಊಟ.

ನಮ್ಮ ಕರಾವಳಿಯಲ್ಲಿ ಇನ್ನೊಂದು ಪೇಚಾಟವಿದೆ, ಬೆಂಗಳೂರಿನವರಿಗೆ ಹೇಳಿದರೆ ಅರ್ಥವಾಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಹೊರಗೆ ಶೂಟಿಂಗ್ ಮಾಡುವ ಮಾತೇ ಇಲ್ಲ. ಮಳೆ ಬಿಟ್ಟ ಮೇಲೆ ಮಾಡೋಣ ಅಂದರೆ ನವೆಂಬರ್ ಹೊತ್ತಿಗೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ, ತುಳು ನಾಟಕದ ತಂಡಗಳೂ ಬಿಡುವಿಲ್ಲದೆ ಓಡಾಡುತ್ತವೆ. ಇದು ಹೆಚ್ಚುಕಡಿಮೆ ಮೇ ಕೊನೆಯಲ್ಲಿ ಬರುವ ಪತ್ತನಾಜೆಯವರೆಗೆ. ಇಲ್ಲಿ ಚೆನ್ನಾಗಿ ನಗಿಸುವವರಲ್ಲಿ ಹೆಚ್ಚಿನವರು ರಂಗದವರೇ. ಅಂದರೆ ನಿರ್ದೇಶಕನಿಗೆ ಬೇಕಾದ ರಾತ್ರಿಗಳೆಲ್ಲ ಮೊದಲೇ ಬುಕ್ ಆಗಿರುತ್ತವೆ! ಅದೇ ತಿಂಗಳುಗಳಲ್ಲಿ ಆಚೆ ಮನೆಯಲ್ಲಿ ಮೆಹಂದಿ, ಈಚೆ ಗುಡ್ಡದಲ್ಲಿ ದೈವದ ನೇಮ. ಮೈಕಿನ ಸದ್ದು ಕಿಲೋಮೀಟರ್ ದೂರಕ್ಕೂ ಕೇಳುತ್ತದೆ. ಕೊನೆಗೆ ಎಷ್ಟೋ ದೃಶ್ಯಗಳ ಮಾತನ್ನು ಸ್ಟುಡಿಯೋದಲ್ಲಿ ಡಬ್ಬಿಂಗ್ ಮಾಡಬೇಕಾಗುತ್ತದೆ. ಹೆದರಿಕೆಯ ಕಿರುಚಾಟವನ್ನು ಡಬ್ ಮಾಡಬಹುದು. ಎದುರಿನವನ ಮುಖ ನೋಡಿ ತಟ್ಟನೆ ಬಂದ ಮಾತಿನ ಖಾರ ಮತ್ತೆ ಬರುವುದು ಕಷ್ಟ.

ದೈವದ ವಿಷಯದಲ್ಲೂ ಎಚ್ಚರ ಬೇಕು. ಪ್ರೇತವನ್ನು ಇಟ್ಟುಕೊಂಡು ಎಷ್ಟು ತಮಾಷೆ ಮಾಡಿದರೂ ಜನ ನಗುತ್ತಾರೆ. ದೈವವನ್ನು ತಮಾಷೆಗೆ ಎಳೆದರೆ ಥಿಯೇಟರ್ ಮುಂದೆ ಪ್ರತಿಭಟನೆ, ಅದು ನ್ಯಾಯವೂ ಹೌದು ಅನ್ನುವವನು ನಾನು.

ಇನ್ನು ಎಡಿಟಿಂಗ್. ಈ ಜಾತಿಯ ಸಿನಿಮಾದ ನಿಜವಾದ ಕಷ್ಟ ಇಲ್ಲಿದೆ. ಜನ ಜೋರಾಗಿ ನಕ್ಕರೆ ಮುಂದಿನ ಮಾತು ಕೇಳಿಸುವುದಿಲ್ಲ, ಹಾಗಾಗಿ ನಗುವಿಗೆ ಜಾಗ ಬಿಡಬೇಕು. ಆದರೆ ದೆವ್ವ ಬರುವ ಮೊದಲು ಹಾಲ್ ಪೂರ್ತಿ ತಣ್ಣಗಾಗಬೇಕು, ಇಲ್ಲದಿದ್ದರೆ ಹೆದರಿಕೆಯೂ ನಗುವಿನಲ್ಲಿ ಕೊಚ್ಚಿಹೋಗುತ್ತದೆ. ಎಷ್ಟು ಸೆಕೆಂಡ್ ಬಿಡಬೇಕು? ಕಂಪ್ಯೂಟರ್ ಮುಂದೆ ಕೂತ ಇಬ್ಬರಿಗೆ ಅದು ತಿಳಿಯುವುದಿಲ್ಲ, ಅವರು ಆ ಜೋಕನ್ನು ಕೇಳಿ ಕೇಳಿ ನಗುವುದನ್ನೇ ಬಿಟ್ಟಿರುತ್ತಾರೆ. ಗುರುತಿಲ್ಲದ ಜನರನ್ನು ಒಂದು ಹಾಲ್‌ನಲ್ಲಿ ಕೂರಿಸಿ ತೋರಿಸಿದರೆ ಮಾತ್ರ ಗೊತ್ತಾಗುತ್ತದೆ. ನಗು, ಹೆದರಿಕೆ ಎರಡೂ ಪಕ್ಕದವರಿಂದ ಅಂಟುವಂಥವು. ಹತ್ತು ಜನ ಕೂತ ಹಾಲ್‌ನಲ್ಲಿ ಅದೇ ಸಿನಿಮಾ ಸಪ್ಪೆ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ. ನೀವು ಕಳಿಸಿದ ಪೇಪರ್ ಕಟಿಂಗ್ ನೋಡಿದೆ. ನಿಮ್ಮ ಅಕ್ಕನ ಮಗನ ಸಿನಿಮಾ ಒಂದೇ ಶುಕ್ರವಾರ ರಾಜ್ಯವಿಡೀ ಬಿಡುಗಡೆಯಾಗಿದೆ. ದೊಡ್ಡ ಸ್ಟಾರ್ ಇಲ್ಲ, ಮುಂಗಡ ಪ್ರಚಾರ ಇಲ್ಲ. ಹೋದಲ್ಲೆಲ್ಲ ಖಾಲಿ ಸೀಟು. 'ಸು ಫ್ರಮ್ ಸೋ' ತಂಡ ಬೇರೆ ದಾರಿ ಹಿಡಿಯಿತು. ಅದರ ಬಿಡುಗಡೆ 2025ರ ಜುಲೈ 25ಕ್ಕೆ. ಅದಕ್ಕೂ ಮೊದಲೇ ಮಂಗಳೂರು ಸೇರಿ ಕೆಲವು ಊರುಗಳಲ್ಲಿ ಟಿಕೆಟ್ ಇಟ್ಟು ಪ್ರೀಮಿಯರ್ ಮಾಡಿದರು. ನಿರ್ದೇಶಕ ಜೆ.ಪಿ. ತುಮಿನಾಡ್ ರಂಗಭೂಮಿಯಿಂದ ಬಂದವರು, ನಿರ್ಮಾಪಕರಲ್ಲಿ ಒಬ್ಬರಾದ ರಾಜ್ ಬಿ. ಶೆಟ್ಟಿ ನಮ್ಮ ಜನರ ನಾಡಿ ಬಲ್ಲವರು. ಮೊದಲು ಕಡಿಮೆ ಶೋ, ಆದರೆ ತುಂಬಿದ ಶೋ. ಹೊರಗೆ ಬಂದವರೇ ವಾಟ್ಸಾಪ್‌ನಲ್ಲಿ ಪ್ರಚಾರ ಮಾಡಿದರು, ಬೇಡಿಕೆ ಏರಿದ ಹಾಗೆ ಶೋ ಏರಿತು. ಆಗಸ್ಟ್‌ನಲ್ಲಿ ಮಲಯಾಳಂ, ತೆಲುಗಿಗೂ ಹೋಯಿತು. ಸಿನಿಮಾ ಚೆನ್ನಾಗಿರಲೇಬೇಕು, ಅದು ಬೇರೆ ಮಾತು. ಆದರೆ ಚೆನ್ನಾಗಿದ್ದರೂ ಹಗಲು ಹತ್ತು ಗಂಟೆಗೆ ಖಾಲಿ ಹಾಲ್‌ನಲ್ಲಿ ಯಾವ ದೆವ್ವ ತಾನೇ ಬದುಕುತ್ತದೆ?

ಆ ಹತ್ತರ ಶೋ ಯಾರು ಕೊಟ್ಟದ್ದು ಎಂದು ಸಿಟ್ಟಿನಲ್ಲಿ ಕೇಳಿದ್ದೀರಿ. ಮಲ್ಟಿಪ್ಲೆಕ್ಸ್ ಚೈನ್‌ಗಳಲ್ಲಿ ಅದು ಊರಿನ ಮ್ಯಾನೇಜರ್ ಕೈಯಲ್ಲಿ ಜಾಸ್ತಿ ಇರುವುದಿಲ್ಲ. ದೊಡ್ಡ ಆಫೀಸಿನಲ್ಲಿ ಕೂತವರು ಬುಕಿಂಗ್ ನೋಡಿ ಹಂಚುತ್ತಾರೆ. ಶುಕ್ರವಾರದಿಂದ ಭಾನುವಾರದವರೆಗೆ ಸೀಟು ಎಷ್ಟು ತುಂಬಿತು ಎಂಬುದರ ಮೇಲೆ ಸೋಮವಾರದ ಹಣೆಬರಹ. ವಿತರಕರಿಗೆ ಒಳ್ಳೆಯ ಹಿಡಿತವಿದ್ದರೆ ಸಂಜೆಯ ಶೋ ಕೇಳಿ ಪಡೆಯಬಹುದು. ಹೊಸ ನಿರ್ಮಾಪಕರು ಅಲ್ಲಿ ಸೋಲುತ್ತಾರೆ.

ದುಡ್ಡು ಹೇಗೆ ಹಂಚಿಹೋಗುತ್ತದೆ ನೋಡಿ. 236 ರೂಪಾಯಿಯ ಟಿಕೆಟ್ ತೆಗೆದುಕೊಂಡಿರಿ ಎನ್ನೋಣ. ಅದರಲ್ಲಿ 36 ರೂಪಾಯಿ ಜಿಎಸ್‌ಟಿ, ಉಳಿದದ್ದು 200. ಮೊದಲ ವಾರ ಮಲ್ಟಿಪ್ಲೆಕ್ಸ್ ಜೊತೆ ಅರ್ಧ ಅರ್ಧ ಎಂಬ ಒಪ್ಪಂದವಿದ್ದರೆ ಸಿನಿಮಾದವರಿಗೆ 100. ಮುಂದಿನ ವಾರಗಳಲ್ಲಿ ಅವರ ಪಾಲು ಇಳಿಯುತ್ತದೆ. ಆ ನೂರರಲ್ಲಿ ವಿತರಕರ ಕಮಿಷನ್, ಪೋಸ್ಟರ್, ಜಾಹೀರಾತು ಕಳೆಯಬೇಕು. ಸಿನಿಮಾವನ್ನು ಥಿಯೇಟರ್‌ಗೆ ತಲುಪಿಸುವ ಡಿಜಿಟಲ್ ಕಂಪನಿಗೂ ಕಟ್ಟಬೇಕು. ಈಗ ರೀಲಿನ ಡಬ್ಬ ಇಲ್ಲ, ಬೀಗ ಹಾಕಿದ ಫೈಲ್ ಬರುತ್ತದೆ. ಆಯಾ ಥಿಯೇಟರ್‌ಗೆ ಇಷ್ಟು ದಿನ ಎಂದು ಬೇರೆ ಬೇರೆ ಕೀ ಕೊಡುತ್ತಾರೆ. ಕೀ ಬರದಿದ್ದರೆ ಶೋ ಇಲ್ಲ. ಒಂದೇ ಪರದೆಯ ಥಿಯೇಟರ್‌ಗಳಲ್ಲಿ ಹೆಚ್ಚಾಗಿ ವಾರದ ಬಾಡಿಗೆಯ ಪದ್ಧತಿ. ಕಲೆಕ್ಷನ್ ಬಾಡಿಗೆಗಿಂತ ಕಡಿಮೆಯಾದರೆ ನಿರ್ಮಾಪಕ ಕೈಯಿಂದ ಕೊಡಬೇಕು. ಸಿನಿಮಾ ತೆಗೆದು, ತೋರಿಸಿ, ಮೇಲೆ ದುಡ್ಡೂ ಕಟ್ಟಿದ ಹಾಗೆ.

ಆದ್ದರಿಂದ ನಿಮ್ಮ ಅಕ್ಕನ ಮಗ ಮುಂದೆ ತಾನೇ ಸಿನಿಮಾ ಮಾಡಲು ಹೊರಟರೆ ಇದನ್ನು ಹೇಳಿ: ಬಜೆಟ್ ಬರೆಯುವ ದಿನವೇ ಬಿಡುಗಡೆಯ ದುಡ್ಡನ್ನು ಬೇರೆ ಎತ್ತಿಡಲಿ. ಶೂಟಿಂಗ್‌ಗೆ ಸಾಲದಿದ್ದರೆ ಎರಡು ಸೀನ್ ಕಡಿಮೆ ಬರೆಯಲಿ, ಆ ಗಂಟಿಗೆ ಕೈ ಹಾಕುವುದು ಬೇಡ. ಮೊದಲು ಮಂಗಳೂರು, ಉಡುಪಿ, ಕುಂದಾಪುರದಲ್ಲಿ ಸಂಜೆ ಮತ್ತು ರಾತ್ರಿಯ ಕೆಲವೇ ಶೋ ಹಿಡಿದು ತುಂಬಿಸಲಿ. ಬೆಂಗಳೂರು ಆಮೇಲೆ. ಒಟಿಟಿಯವರು ಕೊಳ್ಳುತ್ತಾರೆ ಎಂದು ನಂಬಿ ಸಾಲ ಮಾಡುವುದಂತೂ ಬೇಡ, ಥಿಯೇಟರ್‌ನಲ್ಲಿ ಬಿದ್ದ ಚಿತ್ರವನ್ನು ಅವರೂ ಸುಲಭಕ್ಕೆ ಮುಟ್ಟುವುದಿಲ್ಲ.

ಮಗಳ ವಿಷಯ. ಅವಳಿಗೆ ಹನ್ನೊಂದು ವರ್ಷ, ಪೋಸ್ಟರ್ ಮೇಲೆ ಸೆನ್ಸಾರ್ ಮಂಡಳಿಯ 'ಯುಎ 13+' ಎಂದಿದೆ, ಗೇಟಿನಲ್ಲಿ ತಡೆಯುತ್ತಾರಾ ಎಂದು ಕೇಳಿದ್ದೀರಿ. ತಡೆಯುವುದಿಲ್ಲ. ಯುಎ ಜೊತೆ 7+, 13+, 16+ ಎಂದು ವಯಸ್ಸು ಬರೆಯುವುದು 2024ರಲ್ಲಿ ಬಂದ ನಿಯಮ. ಅದು ತಂದೆತಾಯಿಗೆ ಕೊಟ್ಟ ಸೂಚನೆ, ತೀರ್ಮಾನ ನಿಮ್ಮದೇ. 'ಎ' ಇದ್ದರೆ ಮಾತ್ರ ಹದಿನೆಂಟು ಆಗದವರಿಗೆ ಪ್ರವೇಶವಿಲ್ಲ. ಮಗಳಿಗೆ ದೆವ್ವಕ್ಕಿಂತ ಸೌಂಡ್ ಜಾಸ್ತಿ ಹೆದರಿಕೆ ಅಂತ ಬರೆದಿದ್ದೀರಲ್ಲ, ಹಾಗಿದ್ದರೆ ಸ್ಪೀಕರ್ ಪಕ್ಕದ ಸೀಟು ಬಿಟ್ಟು ನಡುವಿನ ಸಾಲಿನಲ್ಲಿ ಬುಕ್ ಮಾಡಿ.

ಸಂಪಾದಕ