ದನ ಕೊಟ್ಟಮೇಲೆ ಗ್ಯಾಸ್ ಯಾಕೆ ಕೈಕೊಟ್ಟಿತು?

ಪ್ರಶ್ನೆ: ನಮ್ಮದು ಶಿರಸಿ ಕಡೆಯ ಅಡಿಕೆ ತೋಟದ ಮನೆ. ಗೋಬರ್ ಗ್ಯಾಸ್ ಹಾಕಿಸಿ ಬಹಳ ವರ್ಷವಾಯಿತು. ನೋಡಿಕೊಳ್ಳಲು ಆಗದೆ ಕಳೆದ ವರ್ಷ ದನಗಳನ್ನೆಲ್ಲ ಕೊಟ್ಟುಬಿಟ್ಟೆವು. ಈಗ ಪೇಟೆಯ ಖಾನಾವಳಿಯಿಂದ ಅನ್ನ, ಪಲ್ಯ, ತರಕಾರಿ ಸಿಪ್ಪೆ ತಂದು ಹಾಕುತ್ತೇವೆ. ಮೊದಲ ನಾಲ್ಕು ತಿಂಗಳು ಗ್ಯಾಸ್ ಹಿಂದಿಗಿಂತ ಜಾಸ್ತಿಯೇ ಬಂತು. ಈಗ ಒಲೆ ಹತ್ತುವುದೇ ಕಷ್ಟ, ಗುಂಡಿಯಿಂದ ಹೊರಬರುವ ಸ್ಲರಿ ಹುಳಿ ಹುಳಿ ನಾರುತ್ತದೆ. ‘ಲಘು ಪೋಷಕಾಂಶ ಕಮ್ಮಿಯಾಗಿದೆ, ಅಡಿಕೆಗೆ ಹಾಕುವ ಪುಡಿಯನ್ನೇ ಗುಂಡಿಗೆ ಸುರಿಯಿರಿ’ ಎಂದು ಪರಿಚಯದವರೊಬ್ಬರು ಹೇಳಿದರು. ಹಾಕಬಹುದೇ?

ಉತ್ತರ: ನಿಮ್ಮ ಪರಿಚಯದವರು ಹೇಳಿದ ರೋಗ ಸರಿ ಇರಬಹುದು, ಮದ್ದು ಮಾತ್ರ ತಪ್ಪು. ಆ ಪುಡಿ ಹಾಕಬೇಡಿ.

ಗುಂಡಿಯೊಳಗೆ ಎರಡು ಪಾಳಿಯ ಕೆಲಸ ನಡೆಯುತ್ತದೆ. ಮೊದಲ ಪಾಳಿಯ ಸೂಕ್ಷ್ಮಜೀವಿಗಳು ಅನ್ನ, ಬೇಳೆ, ಎಣ್ಣೆಯನ್ನೆಲ್ಲ ಒಡೆದು ಹುಳಿ ಮಾಡುತ್ತವೆ. ಎರಡನೇ ಪಾಳಿಯವು ಆ ಹುಳಿಯನ್ನು ತಿಂದು ಮೀಥೇನ್, ಅಂದರೆ ಒಲೆಯಲ್ಲಿ ಉರಿಯುವ ಗ್ಯಾಸ್, ಬಿಡುತ್ತವೆ. ಮೊದಲನೆಯವು ಚುರುಕು, ಸಿಕ್ಕಿದ್ದರಲ್ಲಿ ಬದುಕುತ್ತವೆ. ಎರಡನೆಯವು ನಿಧಾನ, ಜೊತೆಗೆ ಅವಕ್ಕೆ ಕೆಲವು ಲೋಹಗಳು ಚೂರು ಚೂರಾದರೂ ಬೇಕೇ ಬೇಕು. ಕಬ್ಬಿಣ, ನಿಕಲ್, ಕೋಬಾಲ್ಟ್, ಸೆಲೆನಿಯಂ, ಮಾಲಿಬ್ಡಿನಂ, ಟಂಗ್‌ಸ್ಟನ್ ಹೀಗೆ. ಮೀಥೇನ್ ಹುಟ್ಟುವ ಕೊನೆಯ ಹಂತವನ್ನು ನಡೆಸುವ ಕಿಣ್ವದ ನಡುವೆ ಒಂದು ನಿಕಲ್ ಪರಮಾಣು ಕೂತಿರುತ್ತದೆ, ಅದಿಲ್ಲದಿದ್ದರೆ ನೀವು ಎಷ್ಟು ಅನ್ನ ಸುರಿದರೂ ಒಲೆ ಉರಿಯುವುದಿಲ್ಲ. ಕೋಬಾಲ್ಟ್ ಬೇಕಾಗುವುದು ಬಿ12 ಜಾತಿಯ ವಿಟಮಿನ್‌ಗೆ, ಅದೂ ಮೀಥೇನ್ ಹುಟ್ಟುವ ಅದೇ ದಾರಿಯಲ್ಲಿ ಬೇಕು.

ದನ ಇದ್ದಾಗ ಇದು ಯಾವುದನ್ನೂ ನೀವು ಯೋಚಿಸಬೇಕಿರಲಿಲ್ಲ. ಹುಲ್ಲು, ಸೊಪ್ಪು, ನಾಲಿಗೆಗೆ ಅಂಟಿದ ಮಣ್ಣು, ನೀವು ಹಿಂಡಿಯ ಜೊತೆ ಕೊಡುತ್ತಿದ್ದ ಖನಿಜ ಮಿಶ್ರಣ, ಎಲ್ಲದರ ಪಾಲು ಸಗಣಿಯಲ್ಲಿ ಬರುತ್ತಿತ್ತು. ಮೀಥೇನ್ ಮಾಡುವ ಜೀವಿಗಳೂ ಅದರ ಜೊತೆಗೇ ಬರುತ್ತಿದ್ದವು. ದನದ ಹೊಟ್ಟೆಯೇ ಒಂದು ಗೋಬರ್ ಗ್ಯಾಸ್ ಗುಂಡಿ ಅಲ್ವಾ, ಅದು ತೇಗುವುದೂ ಮೀಥೇನನ್ನೇ! ಖಾನಾವಳಿಯ ಅನ್ನದಲ್ಲಿ ಶಕ್ತಿ ಬೇಕಾದಷ್ಟಿದೆ, ಈ ಲೋಹಗಳು ಮಾತ್ರ ತೀರಾ ಕಮ್ಮಿ. ಮೊದಲ ನಾಲ್ಕು ತಿಂಗಳು ಗ್ಯಾಸ್ ಜೋರಾಗಿ ಬಂತು ಅಂದಿರಲ್ಲ, ಅದು ಗುಂಡಿಯ ತಳದಲ್ಲಿದ್ದ ಹಳೆ ಸಗಣಿಯ ಉಳಿತಾಯದ ಮೇಲೆ ನಡೆದ ಜೀವನ. ದಿನಾ ಸ್ಲರಿ ಹೊರಗೆ ಹೋದಂತೆ ಉಳಿತಾಯವೂ ಹೋಯಿತು. ಎರಡನೇ ಪಾಳಿ ನಿಂತಿತು, ಮೊದಲನೆಯದು ನಿಲ್ಲಲಿಲ್ಲ, ಹುಳಿ ತುಂಬಿತು. ದಿನಾ ಅಳತೆ ಮೀರಿ ಅನ್ನ ಹಾಕಿದರೂ ಹೀಗೇ ಆಗುತ್ತದೆ, ಹಾಗಾಗಿ ಎಷ್ಟು ಬಕೆಟ್ ಹಾಕುತ್ತಿದ್ದೀರಿ ಅಂತಲೂ ಒಮ್ಮೆ ಲೆಕ್ಕ ಹಾಕಿ.

ಅಡಿಕೆಯ ಪುಡಿ ಯಾಕೆ ಬೇಡ ಎಂದರೆ, ಆ ಪೊಟ್ಟಣಗಳಲ್ಲಿ ಸಾಮಾನ್ಯವಾಗಿ ಇರುವುದು ಸತು, ಬೋರಾನ್, ಮ್ಯಾಂಗನೀಸ್, ತಾಮ್ರ, ಕಬ್ಬಿಣ. ನಿಮಗೆ ಬೇಕಾದ ನಿಕಲ್, ಕೋಬಾಲ್ಟ್, ಸೆಲೆನಿಯಂ ಅದರಲ್ಲಿ ಸಿಗುವುದು ಅಪರೂಪ. ತಾಮ್ರ ಜಾಸ್ತಿಯಾದರೆ ಈ ಜೀವಿಗಳಿಗೆ ವಿಷ. ಅಂದಹಾಗೆ, ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ಮೇಲೆ ಡ್ರಮ್ ತೊಳೆದ ನೀರು ಗುಂಡಿಗೆ ಹೋಗಿತ್ತಾ ನೋಡಿ. ಮೈಲುತುತ್ತ ಎಂದರೆ ತಾಮ್ರವೇ.

ಈಗ ಮಾಡಬೇಕಾದ್ದು: ಎಂಟು ಹತ್ತು ದಿನ ಏನೂ ಹಾಕಬೇಡಿ. ಪಕ್ಕದ ಮನೆಯಲ್ಲಿ ಚೆನ್ನಾಗಿ ನಡೆಯುತ್ತಿರುವ ಗುಂಡಿಯ ಸ್ಲರಿ ಸಿಕ್ಕರೆ ಕೇಳಿ ತಂದು ಸುರಿಯಿರಿ, ಹೆಪ್ಪು ಹಾಕಿದ ಹಾಗೆ. ಹುಳಿ ಅಳೆಯುವ ಪಿಎಚ್ ಕಾಗದ ಅದ್ದಿ ನೋಡಿ, 7ರ ಆಸುಪಾಸಿಗೆ ಬಂದ ಮೇಲೆ ಹಿಂದೆ ಹಾಕುತ್ತಿದ್ದುದರ ಕಾಲು ಭಾಗದಿಂದ ಶುರುಮಾಡಿ. ಆಮೇಲೆ ನಾಲ್ಕು ಬಕೆಟ್ ಅಡುಗೆ ತ್ಯಾಜ್ಯಕ್ಕೆ ಒಂದು ಬಕೆಟ್ ಸಗಣಿಯಾದರೂ ಸೇರಲಿ. ಕೊಂಡು ತಂದರೂ ಪರವಾಗಿಲ್ಲ. ಸುಣ್ಣದ ನೀರು ಸ್ವಲ್ಪ ಹಾಕಿದರೆ ಹುಳಿ ತಾತ್ಕಾಲಿಕವಾಗಿ ಇಳಿಯುತ್ತದೆ, ಲೋಹದ ಕೊರತೆ ತುಂಬುವುದಿಲ್ಲ.

ಪ್ರಶ್ನೆ: ನಾವು ಬೆಂಗಳೂರಿನ ಅಪಾರ್ಟ್‌ಮೆಂಟಿನವರು. ಹಸಿ ಕಸದಿಂದ ಗ್ಯಾಸ್ ಮಾಡುತ್ತೇವೆ. ಸಗಣಿ ಎಲ್ಲಿಂದ ತರೋದು? ನಿಕಲ್, ಕೋಬಾಲ್ಟ್ ಉಪ್ಪನ್ನೇ ಕೊಂಡು ಹಾಕಬಹುದಾ?

ಉತ್ತರ: ದೊಡ್ಡ ಘಟಕಗಳಲ್ಲಿ ಹಾಕುತ್ತಾರೆ. ಜರ್ಮನಿಯಲ್ಲಿ ಬರೀ ಮೆಕ್ಕೆಜೋಳದ ಸೈಲೇಜ್ (ಹುಳಿ ಹಿಡಿಸಿ ಕೂಡಿಟ್ಟ ಹಸಿ ಮೇವು) ಮೇಲೆ ನಡೆಯುವ ಘಟಕಗಳಿಗೂ ಇದೇ ತೊಂದರೆ ಬಂದು, ಈಗ ಅಳತೆ ಮಾಡಿ ಸೇರಿಸುವುದು ಅಲ್ಲಿ ಮಾಮೂಲಿ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಬರೀ ಊಟದ ತ್ಯಾಜ್ಯದ ಮೇಲೆ ಪ್ರಯೋಗ ಮಾಡಿ 2012ರಲ್ಲಿ ಪ್ರಕಟಿಸಿದರು. ಬೇಳೆ, ಮಾಂಸದಂಥ ಪ್ರೋಟೀನ್ ಒಡೆದು ಅಮೋನಿಯಾ ಏರಿದಾಗ ಹುಳಿಯಿಂದ ನೇರ ಮೀಥೇನ್ ಮಾಡುವ ಜೀವಿಗಳು ಸೋಲುತ್ತವೆ, ಸುತ್ತುದಾರಿಯಲ್ಲಿ ಮೀಥೇನ್ ಮಾಡುವವು ಕೆಲಸ ವಹಿಸಿಕೊಳ್ಳಬೇಕು, ಅವಕ್ಕೆ ಸೆಲೆನಿಯಂ, ಕೋಬಾಲ್ಟ್ ಬೇಕು ಎನ್ನುವುದು ಅವರು ಕಂಡದ್ದು. ಬೇಕಾದದ್ದು ಎಷ್ಟು ಗೊತ್ತಾ, ಲೀಟರ್ ಸ್ಲರಿಗೆ ಒಂದು ಮಿಲಿಗ್ರಾಂನ ಕಾಲು ಭಾಗಕ್ಕಿಂತಲೂ ಕಮ್ಮಿ! ಚಮಚದಲ್ಲಿ ಅಳೆಯುವ ವಿಷಯ ಇದಲ್ಲ. ಸೆಲೆನಿಯಂ ಸ್ವಲ್ಪ ಹೆಚ್ಚಾದರೂ ವಿಷ, ನಿಕಲ್ ಉಪ್ಪಿನ ಧೂಳು ಕ್ಯಾನ್ಸರ್ ತರುವಂಥದ್ದು, ಸ್ಲರಿ ಕೊನೆಗೆ ನಿಮ್ಮ ಗಾರ್ಡನ್‌ಗೇ ಹೋಗುತ್ತದೆ. ಮೊದಲು ಸ್ಲರಿಯನ್ನು ಲ್ಯಾಬಿಗೆ ಕಳಿಸಿ, ಕೊರತೆ ಕಂಡರೆ ಘಟಕ ಹಾಕಿಕೊಟ್ಟವರ ಕೈಯಲ್ಲೇ ಹಾಕಿಸಿ. ಇಲ್ಲವೇ ಸುತ್ತಮುತ್ತಲಿನ ಹಾಲಿನವರನ್ನು ಕೇಳಿ, ನಗರದಲ್ಲೂ ಸಗಣಿ ಸಿಗುತ್ತದೆ, ಅವರಿಗೇ ಅದನ್ನು ಸಾಗಿಸುವುದು ತಲೆನೋವು.

ಪ್ರಶ್ನೆ: ಗುಂಡಿಗೆ ಕಬ್ಬಿಣದ ಚೂರು ಹಾಕಿದರೆ ಕೊಳೆತ ಮೊಟ್ಟೆಯ ವಾಸನೆ ಹೋಗುತ್ತದಂತೆ, ನಿಜವೇ?

ಉತ್ತರ: ಕಮ್ಮಿಯಾಗುತ್ತದೆ. ಆ ವಾಸನೆ ಗಂಧಕದ್ದು. ಕಬ್ಬಿಣ ಅದನ್ನು ಹಿಡಿದುಕೊಂಡು ಕಪ್ಪು ಗಸಿಯಾಗಿ ಕೆಳಗೆ ಕೂರುತ್ತದೆ. ಇನ್ನೊಂದು ಲಾಭವೂ ಇದೆ: ಕಬ್ಬಿಣ ಇಲ್ಲದಿದ್ದರೆ ಅದೇ ಗಂಧಕ ನಿಕಲ್, ಕೋಬಾಲ್ಟನ್ನು ಹಿಡಿದು ಕೂರಿಸಿಬಿಡುತ್ತದೆ, ಲೋಹ ಗುಂಡಿಯಲ್ಲಿ ಇದ್ದೂ ಜೀವಿಗಳ ಬಾಯಿಗೆ ಬೀಳುವುದಿಲ್ಲ. ಲೇತ್ ಅಂಗಡಿಯ ಚೂರಾದರೆ ಎಣ್ಣೆ ತೊಳೆದು ಹಾಕಿ. ಬಣ್ಣ ಬಳಿದದ್ದು, ಸತುವಿನ ಲೇಪನ ಇರುವ ತಗಡು, ತಂತಿ ಬೇಡ.